ಗಾಜಿನ ಕೋಣೆಗೆ ಹೋದ ಕೌದಿ ಹಾಡು

ನಮ್ಮೂರಲ್ಲಿ ಒಂದು ಹಾಡು ಒಂದು ಬಾಯಿಂದ ಒಂದೇ ಸಲ ಹೊರಡುತ್ತದೆ. ಹಾಡಿದಷ್ಟು ಹೋಯಿತು, ಹಾಡದೆ ಉಳಿದದ್ದು ಉಳಿಯಿತು. ಪದ ನೆನಪಿರುತ್ತದೆ, ಅರ್ಥ ನೆನಪಿರುತ್ತದೆ, ಆದರೆ ಮತ್ತೆ ಹಾಡಲು ಹೋದರೆ ಗಂಟಲು ಏಳುವುದಿಲ್ಲ. ಹೀಗಾಗಿ ನಮ್ಮವರು ಹಾಡನ್ನು ತುಪ್ಪದ ಹಾಗೆ ಹಿಡಿದು ಬಳಸುತ್ತಾರೆ. ತಾಯಂದಿರು ಜೋಗುಳವನ್ನು ದಿನಕ್ಕೊಂದು ಸಾಲಿನಂತೆ ಹಾಡಿ ಮಗು ನಡೆಯುವವರೆಗೆ ಸಾಗಿಸುತ್ತಾರೆ. ಹೆಣ್ಣು ನೋಡಲು ಬಂದವರು ಬಂಗಾರದ ಮಾತೆತ್ತುವ ಮೊದಲು ಹುಡುಗಿಯ ಬಾಯಲ್ಲಿ ಹಾಡು ಎಷ್ಟು ಉಳಿದಿವೆ ಎಂದು ಕೇಳುತ್ತಾರೆ. ನಮ್ಮ ಓಣಿಯ ಹಡಪದ ಈರಣ್ಣ ಹರೆಯದ ಹುರುಪಿನಲ್ಲಿ ಬರುವುದನ್ನೆಲ್ಲ ಹಾಡಿ ಮುಗಿಸಿ, ಈಗ ಗಿರಾಕಿಯ ತಲೆಯ ಮೇಲೆ ಕತ್ತರಿಯಲ್ಲೇ ತಾಳ ಹಾಕುತ್ತಾನೆ. ಇಬ್ಬರ ಬಾಯಿಂದ ಒಂದೇ ಹಾಡು ಒಟ್ಟಿಗೆ ಹೊರಟರೆ ಕಿರಿಯರು ತಟ್ಟನೆ ನಿಲ್ಲಿಸಿ, ಅಂಗೈ ಮುಂದೆ ಮಾಡಿ ಹಿರಿಯರಿಗೆ ಬಿಟ್ಟುಕೊಡಬೇಕು. ಒಂದೇ ಹಾಡು ಎರಡು ಬಾಯಲ್ಲಿ ಖರ್ಚಾಗಬಾರದಲ್ಲ. ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ, ಊಟಕ್ಕೆ ಮುಂಚೆ ಕೈ ತೊಳೆಯುವಂತೆ ತಾನೇ ಬರುತ್ತದೆ.

ಇಂಥ ಊರಲ್ಲಿ ನನ್ನದು ರೆಕಾರ್ಡಿಂಗ್ ಅಂಗಡಿ. ಹಿಟ್ಟಿನ ಗಿರಣಿಗೆ ಅಂಟಿಕೊಂಡ ಒಂದು ಕೋಣೆ. ನನ್ನ ಹೆಸರು ಕಸ್ತೂರಿ; ಎದುರಿಗೆ ಕಸ್ತೂರಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಬ್ಯಾಡಗಿ ಮೆಣಸಿನಕಾಯಿ ಎನ್ನುತ್ತಾರೆ. ಒಂದು ಹಳೆಯ ಟೇಪ್ ಯಂತ್ರವಿದೆ, ಒಂದು ಮೈಕಿದೆ. ಮೈಕಿನ ಕತ್ತು ಮುರಿದದ್ದಕ್ಕೆ ಸೈಕಲ್ ಟ್ಯೂಬು ಸುತ್ತಿದ್ದೇನೆ. ದನಿ ಗೋಡೆಗೆ ಬಡಿದು ವಾಪಸು ಬರದಿರಲೆಂದು ನಾಲ್ಕೂ ಗೋಡೆಗೆ ಕೌದಿ ತೂಗುಹಾಕಿದ್ದೇನೆ. ಹಳೆಯ ಸೀರೆಗಳನ್ನು ಪದರದ ಮೇಲೆ ಪದರ ಇಟ್ಟು ಹೊಲಿದ ಆ ಕೌದಿಗಳನ್ನೆಲ್ಲ ಹೊಲಿದುಕೊಟ್ಟವಳು ತುಳಜವ್ವ.

ಬೇರೆ ಊರುಗಳಲ್ಲಿ ಹಾಡುಗಾರರಿಗೆ ಮೊದಲು ಒಂದು ಸಾಲು ಹಾಡಿ ತೋರಿಸಿ ಎಂದು ಹೇಳಿ ಯಂತ್ರದ ಮಟ್ಟ ಸರಿಮಾಡಿಕೊಳ್ಳುತ್ತಾರಂತೆ. ನಮ್ಮಲ್ಲಿ ಹಾಗೆ ಕೇಳಿದರೆ ಆ ಸಾಲು ಹೋದಂತೆಯೇ. ಅದಕ್ಕೆ ನಾನು ಜಗಳ ತೆಗೆಯುತ್ತೇನೆ. ಬೈಯುವಾಗ ಮನುಷ್ಯನ ದನಿ ಎಷ್ಟು ಏರುತ್ತದೋ ಹಾಡುವಾಗಲೂ ಅಷ್ಟೇ ಏರುತ್ತದೆ, ಇದು ನಾನು ಕಂಡುಕೊಂಡ ಮಾತು. ಶಿವಭಜನೆ ಹಾಡಲು ಬಂದವನಿಗೆ ನಿಮ್ಮವ್ವನ ರೊಟ್ಟಿ ಚಪ್ಪಲಿಯಷ್ಟು ದಪ್ಪ ಅಂದೆ. ಅವನು ಕೂಗಾಡಿದ, ಯಂತ್ರದಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳು ಕೆಂಪಿಗೆ ಹಾರಿತು, ಗುಂಡಿ ತಿರುಗಿಸಿ ಇಳಿಸಿದೆ, ಈಗ ಹಾಡು ಅಂದೆ. ದನಿ ಎಷ್ಟು ಇಳಿಯುತ್ತದೆ ಎಂದು ತಿಳಿಯಲು ಸತ್ತವರ ಬಗ್ಗೆ ಕೇಳುತ್ತೇನೆ. ಮೂಗಿನಲ್ಲಿ ಹಾಡುವವರಿಗೆ ಮೈಕನ್ನು ಗದ್ದದ ಕೆಳಗೆ ಇಡುತ್ತೇನೆ, ಹಲ್ಲು ಬಿದ್ದು ಸುಸ್ ಎನ್ನುವವರಿಗೆ ಓರೆಯಾಗಿ ಇಡುತ್ತೇನೆ. ಒಂದೇ ಅವಕಾಶ ಇರುವ ಊರಲ್ಲಿ ಇಷ್ಟು ದಿನ ಒಂದು ಹಾಡನ್ನೂ ಕೆಡಿಸಿಲ್ಲ. ಜಂಬ ಎನ್ನುವವರು ಎನ್ನಲಿ.

ಹಾಗಿರುವಾಗ ನಮ್ಮೂರ ಗಾಯನ ಸಂಘದವರು ಸ್ಟುಡಿಯೋ ಕಟ್ಟಿಸಿದರು. ಸಂಘದ ಅಧ್ಯಕ್ಷ ಗುರುಸಿದ್ದಪ್ಪ ಗೊಬ್ಬರದ ವ್ಯಾಪಾರಿ. ಜೀವಮಾನದಲ್ಲಿ ಒಂದೇ ಒಂದು ಹಾಡು ಹಾಡಿದ್ದಾನೆ, ಅದೂ ತನ್ನ ಮದುವೆಯಲ್ಲಿ, ಅದನ್ನು ಕೇಳಿದವರು ಈಗಲೂ ಮರೆಯಲು ಹೆಣಗುತ್ತಿದ್ದಾರೆ. ಗಾಜಿನ ಕೋಣೆಯಂತೆ, ತಂಪು ಗಾಳಿಯಂತೆ, ಪರದೇಶದಿಂದ ಬಂದ ಮೈಕಂತೆ. ಆ ಮೈಕು ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂತು. ಅದಕ್ಕೆ ಬ್ಯಾಂಡ್ ಬಾರಿಸಿ ಮೆರವಣಿಗೆ ಮಾಡಿದರು, ಮುತ್ತೈದೆಯರು ಆರತಿ ಎತ್ತಿದರು. ನಾನು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದೆ. ಒಂದು ಹುಡುಗಿಯನ್ನೂ ಈ ಊರು ಹಾಗೆ ಮನೆ ತುಂಬಿಸಿಕೊಂಡಿಲ್ಲ. ಯಂತ್ರ ನಡೆಸಲು ಅಭಿನಂದನ ಎಂಬ ನಮ್ಮೂರದೇ ಹುಡುಗ ಬಂದ, ದೊಡ್ಡ ಊರಲ್ಲಿ ಕಲಿತವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಅನುಕೂಲವಿತ್ತು.

ಅದೇ ಸುಮಾರಿಗೆ ತುಳಜವ್ವನ ಗಂಟಲಲ್ಲಿ ಗಂಟು ಎದ್ದಿತು. ಸೋಮವಾರ ಕೊಯ್ಯುತ್ತೇವೆ, ಜೀವ ಉಳಿಯುತ್ತದೆ, ದನಿಯ ಮಾತು ಹೇಳಲಾಗದು ಎಂದರು ಡಾಕ್ಟರು. ಅವಳ ಬಾಯಲ್ಲಿ ಒಂದೇ ಹಾಡು ಉಳಿದಿತ್ತು, ಅವಳ ತಾಯಿಯ ಕೌದಿ ಹಾಡು. ತಾಯಿ ಒಂದು ಮಧ್ಯಾಹ್ನ ಸೂಜಿ ಹಿಡಿದು ಕೂತಲ್ಲೇ ಅದನ್ನು ಹಾಡಿ ಮುಗಿಸಿದಾಗ ಪಕ್ಕದಲ್ಲಿ ಇದ್ದವಳು ಇವಳೊಬ್ಬಳೇ. ಆಗಿನವರ ಕಿವಿ ಅಂಥದ್ದು, ಒಮ್ಮೆ ಕೇಳಿದರೆ ಸಾಕು. ಈಗ ಯಾರಿಗೂ ಹಾಗೆ ಹಿಡಿಯಲು ಬರುವುದಿಲ್ಲ, ಮತ್ತೆ ಮತ್ತೆ ತಿರುಗಿಸಿ ಕೇಳಲು ಟೇಪು ಇದೆಯಲ್ಲ. ನನಗೂ ಬರುವುದಿಲ್ಲ, ಎದುರಿಗೆ ಯಾರಾದರೂ ಹಾಡುತ್ತಿದ್ದರೆ ನನ್ನ ಕಣ್ಣು ಮುಳ್ಳಿನ ಮೇಲೆ ಇರುತ್ತದೆ. ಹಾಗಾಗಿ ಸೋಮವಾರದೊಳಗೆ ಆ ಹಾಡು ಟೇಪಿಗೆ ಇಳಿಯಬೇಕು, ಇಲ್ಲವಾದರೆ ಲೋಕದಲ್ಲಿ ಎಲ್ಲೂ ಇರುವುದಿಲ್ಲ. ಶನಿವಾರ ಬೆಳಿಗ್ಗೆ ಅವಳಿಗಾಗಿ ಕೋಣೆ ಗುಡಿಸಿ, ಟೇಪ್ ಯಂತ್ರದ ಹೆಡ್ ಒರೆಸಿ ಕಾದು ಕೂತೆ. ಹೊತ್ತೇರಿದರೂ ಬರಲಿಲ್ಲ. ಕಡೆಗೆ ಈರಣ್ಣ ಬಾಗಿಲಲ್ಲಿ ಇಣುಕಿ, "ತುಳಜವ್ವನ್ನ ಸಂಘದವ್ರು ಕಾರಿನ್ಯಾಗ ಕರಕೊಂಡ ಹೋದ್ರಲ್ಲ ಕಸ್ತೂರಕ್ಕ, ನಿನಗ ಗೊತ್ತಿಲ್ಲೇನ?" ಅಂದ.

ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ಸ್ಟುಡಿಯೋದ ಬಾಗಿಲು ನೂಕಿಕೊಂಡು ಒಳಗೆ ಹೋದಾಗ ಗುರುಸಿದ್ದಪ್ಪ ಸೋಫಾದ ಮೇಲೆ ಕೂತು ಚಹಾ ಹೀರುತ್ತಿದ್ದ. ಅಭಿನಂದನ ಪರದೆಯ ಮುಂದೆ ಇದ್ದ. ಗಾಜಿನ ಆಚೆ ತುಳಜವ್ವ ಇಳಕಲ್ ಸೀರೆ ಉಟ್ಟು, ಸೆರಗಿನ ಮೇಲೆಯೇ ಕಿವಿಗೆ ಹೆಡ್‌ಫೋನ್ ಹಾಕಿಸಿಕೊಂಡು, ಮೆತ್ತನೆಯ ಖುರ್ಚಿಯಲ್ಲಿ ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದಳು.

"ಯಾಕ ಸುಮ್ಮನ ಕುಂತಾಳ?" ಎಂದು ಕೇಳಿದೆ.

"ಗೊತ್ತಾಗವಲ್ದು ಅಕ್ಕಾರ. ಅರ್ಧ ಸಾಲು ಹಾಡತಾರ, ನಿಲ್ಲಸ್ತಾರ. ಮತ್ತ ಹೇಳಿದ್ರ ಮತ್ತ ಅರ್ಧ ಹಾಡತಾರ. ಇರ್ಲಿ, ಆಮ್ಯಾಲೆ ಎಲ್ಲಾ ಕೂಡಸ್ತೀನಿ," ಎಂದ ಅಭಿನಂದನ. ಒಂದು ಗುಂಡಿ ಒತ್ತಿ, "ಅಜ್ಜಿ, ಮುಂದ ಹಾಡ್ರಿ," ಅಂದ.

ಅವಳು ಹಾಡಿದಳು. "ಹರಿದ ಸೀರಿ ಎಲ್ಲಾ ಕೂಡಿ ಹಾಸಿಗಿ ಒಂದಾತ, ಯಾರ ಮೈಯ ಬಿಸಿ ಇದು..." ಸುಳ್ಳು ಹೇಳುವುದಿಲ್ಲ, ಆ ಮೈಕು ಬಲು ಒಳ್ಳೆಯ ಮೈಕು. ನಾಲಿಗೆ ಅಂಗುಳನ್ನು ಬಿಟ್ಟು ಬರುವುದು ಕೂಡ ಕೇಳಿಸುತ್ತಿತ್ತು. ನನ್ನ ಮೈ ಜುಮ್ಮೆಂದಿತು. ಆದರೆ ಸಾಲಿನ ನಡುವೆಯೇ ಅವಳು ತಡೆದು ನಿಂತಳು. ತಲೆ ಓರೆ ಮಾಡಿದಳು, ಯಾರ ಮಾತಿಗೋ ಕಿವಿಗೊಟ್ಟಳು, ಆಮೇಲೆ ಅಂಗೈ ಮುಂದೆ ಚಾಚಿ ತಲೆ ಬಾಗಿಸಿದಳು.

ಆ ಅಂಗೈ ನೋಡಿದ ಕೂಡಲೇ ನನಗೆ ತಿಳಿಯಿತು. ಅವಳು ಯಾರಿಗೋ ಬಿಟ್ಟುಕೊಡುತ್ತಿದ್ದಳು.

"ಅಕಿ ಕಿವ್ಯಾಗ ಏನ ಹಾಕೀ?"

"ಅವರದ ದನಿ ಅಕ್ಕಾರ. ಹಾಡೋರಿಗೆ ಹಿತ ಆಗ್ಲಿ ಅಂತ ಒಂಚೂರು ತಡಾ ಮಾಡಿ, ಗುಡ್ಯಾಗ ಹಾಡಿದಂಗ ಗುಂಯ್ ಅನಿಸೀನಿ. ಎಲ್ಲಾರಿಗೂ ಹಂಗ ಮಾಡ್ತೀನಿ." ಅವನು ಅಲ್ಲಿಯವರೆಗೆ ಹಾಡಿಸಿದ್ದೆಲ್ಲ ದೊಡ್ಡ ಊರಲ್ಲಿ, ಕಿವಿಗೆ ಸದಾ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೆಳೆದ ಹುಡುಗರನ್ನು. ಎಪ್ಪತ್ತು ದಾಟಿದ ಮುದುಕಿಯನ್ನು ಅದೇ ಮೊದಲು ಕೂರಿಸಿದ್ದ.

ಗಾಜಿನ ಬಾಗಿಲು ತೆಗೆದು ಒಳಗೆ ನುಗ್ಗಿ ಅವಳ ಕಿವಿಯಿಂದ ಅದನ್ನು ಕಿತ್ತೆ. ಅವಳು ಬೆದರಿ ನನ್ನ ಕೈ ಹಿಡಿದಳು.

"ಯಾರ ಅಕಿ, ಕಸ್ತೂರಿ? ನಮ್ಮವ್ವನ ದನಿ ಇದ್ದಂಗ ಐತಿ. ನಾ ಸುರು ಮಾಡಿದ ಕೂಡ್ಲೆ ಅಕೀನೂ ಸುರು ಮಾಡ್ತಾಳ. ದೊಡ್ಡಾಕಿ ಹಾಡ್ಲಿ ಅಂತ ನಾ ಬಿಟ್ಟೆ ಅಂದ್ರ ಅಕೀನೂ ನಿಂತಬಿಡ್ತಾಳ. ನೀ ಹಾಡವಾ ಅಂತ ಎಷ್ಟ ಕೈ ಮಾಡಿದ್ರೂ ಹಾಡವಲ್ಲಳು."

"ಅಕಿ ನೀನ, ಯವ್ವಾ. ನಿನ್ನ ದನೀನ ತಡಾ ಮಾಡಿ ನಿನ್ನ ಕಿವಿಗೆ ಹಾಕ್ಯಾರ."

ಅದು ಅವಳಿಗೆ ಇಳಿಯಲು ಹೊತ್ತು ಹಿಡಿಯಿತು. "ಹಂಗಾರ ನಾ ನನಗ ಬಿಟ್ಟುಕೊಟ್ಟೆ?" ಅಂದಳು. ಅರ್ಧ ಹಾಡು ಹೋಗಿತ್ತು. ಹಿಡಿಯಲ್ಲಿ ಹಿಡಿದು ಕಿತ್ತ ಕೂದಲಿನಂತೆ ತುಂಡು ತುಂಡಾಗಿ ಆ ಯಂತ್ರದೊಳಗೆ ಬಿದ್ದಿತ್ತು.

ಹೊರಗೆ ಬಂದಾಗ ಗುರುಸಿದ್ದಪ್ಪ ಬಸಿಯಲ್ಲಿ ಕಪ್ಪು ಇಟ್ಟು, "ಏನೂ ಆಗಿಲ್ಲ ಬಿಡ ಕಸ್ತೂರಿ. ಎಂಥಾ ತುಂಡಿದ್ರೂ ಕೂಡಸೂ ಮಿಷನ್ ಐತಿ. ನಿನ್ನ ಡಬ್ಬಿ ಅಲ್ಲ ಇದು. ಇದರ ಬೆಲಿ ಗೊತ್ತೈತೇನ ನಿನಗ?" ಅಂದ.

"ಗುರುಸಿದ್ದಪ್ಪಾರ, ಬೋಗುಣಿ ಬಂಗಾರದ್ದಾದ್ರ ಸಾರಿಗೆ ಉಪ್ಪು ತಾನ ಬೀಳ್ತೈತೇನ್ರಿ? ಆ ಮುದುಕಿ ಕೈ ಮುಂದ ಮಾಡಿದ್ದು ಗಾಜಿನ್ಯಾಗ ಕಾಣ್ತಿತ್ತಲ್ಲ. ಇಬ್ಬರೂ ಇದ ಊರಾಗ ಹುಟ್ಟೀರಿ. ನಿಮ್ಮ ಕಣ್ಣ ಎಲ್ಲಿದ್ವು?"

ಅಭಿನಂದನ ತಲೆ ತಗ್ಗಿಸಿದ. ಅವನ ಕಣ್ಣು ಪರದೆಯ ಮೇಲೆ ಇದ್ದವು. ದನಿಯ ಹಸಿರು ಗೆರೆ ಚೆನ್ನಾಗಿ ಏರಿಳಿಯುತ್ತಿತ್ತಂತೆ.

ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಅಂಗಡಿಗೆ ತಂದೆ. ಸದ್ದು ನಿಲ್ಲಲೆಂದು ಪಕ್ಕದ ಗಿರಣಿಯವನಿಗೆ ಬೆಲ್ಟು ಇಳಿಸು ಎಂದು ಕೂಗಿದೆ. ಜೋಳದ ಚೀಲ ಹಿಡಿದು ನಿಂತವರು ಗೊಣಗಿದರು, ಅವರಿಗೂ ಬೈದೆ. ತುಳಜವ್ವನನ್ನು ಮಣೆಯ ಮೇಲೆ ಕೂರಿಸಿ, ಮೈಕನ್ನು ಗದ್ದದ ಮಟ್ಟಕ್ಕೆ ತಂದು, ಅಲ್ಲಿಯವರೆಗೆ ತಡೆದುಕೊಂಡದ್ದನ್ನೆಲ್ಲ ಅವಳ ಮೇಲೆ ಸುರಿದೆ.

"ನನ್ನ ಅಂಗಡ್ಯಾಗ ಮುಳ್ಳ ಇದ್ವೇನ ಬೇ ನಿನಗ? ಇಷ್ಟ ವರ್ಷ ಈ ಹಾಡಿಗೆ ಕಾದೇನಿ ನಾ. ಅವರು ಒಂದ ಕಾರ ಕಳಿಸಿದ್ರ ಓಡಿ ಹೋದೆಲ್ಲ! ನಾಚಿಕಿ ಬರಲಿಲ್ಲ?"

"ಯಾಕ ನಾಚಲಿ?" ಅವಳೂ ಏರಿದಳು. "ನಿನ್ನ ಗ್ವಾಡಿ ತುಂಬ ನನ್ನ ಕೌದಿ ತೂಗ್ಯಾವ. ಒಂದ ದಿನಾನರ ಖುರ್ಚಿ ಕೊಟ್ಟಿಯೇನ ನನಗ? ಬಂದಾಗೊಮ್ಮೆ ಮಣಿ ಮ್ಯಾಲ ಕುಂದ್ರಸ್ತಿ, ಮೂಲಿಗೆ ಮಕಾ ಮಾಡಸ್ತಿ, ಜಗಳಾ ತಗೀತಿ. ಅವರು ಅಜ್ಜಿ ಬರ್ರಿ ಅಂದ್ರು. ಚಾ ಕೊಟ್ರು. ಫೋಟೋ ತಗದ್ರು. ಸಾಯೂದ್ರಾಗ ನಾನೂ ಒಂದ ದಿನ ಮೆರೀಬಾರದೇನ?"

ನಾನು ಇನ್ನೂ ಜೋರಾಗಿ ಕೂಗಿದೆ. "ಮೆರೀ, ಯಾರ ಬ್ಯಾಡಂದ್ರು? ಮೆರದು ಅರ್ಧಾ ಹಾಡ ಕಳಕೊಂಡ ಬಂದೀ!"

"ನನ್ನ ಹಾಡು! ಕಳೀತೀನಿ, ಇಟಗೋತೀನಿ, ನೀ ಯಾರ ಕೇಳಾಕ?" ಎಂದು ಅವಳು ಗರ್ಜಿಸಿದಳು. ಗಂಟಲ ಗಂಟು ಮೇಲೆ ಕೆಳಗೆ ಆಡಿತು. ಮುಳ್ಳು ಕೆಂಪಿಗೆ ಬಡಿಯಿತು, ನನ್ನ ಕೈ ತಾನಾಗಿ ಗುಂಡಿಗೆ ಹೋಗಿ ಇಳಿಸಿತು. ಅದು ಅವಳ ಕಣ್ಣಿಗೆ ಬಿತ್ತು. "ಸುಡಗಾಡ ತಂದು! ಇದರಾಗೂ ಮಟ್ಟಾ ನೋಡಾಕತ್ತೀಯಲ್ಲ!" ಅಂದವಳೇ ಅದೇ ಉಸಿರಿನಲ್ಲಿ, ಅದೇ ಸಿಟ್ಟಿನಲ್ಲಿ ಉಳಿದ ಹಾಡು ಎತ್ತಿಕೊಂಡಳು.

"ಸೂಜಿ ಮುರದರ ಮುರಿಲಿ, ದಾರ ಹರಿಬಾರ್ದ..." ಮಲಗಿಸುವ ಹಾಡು ಅದು, ಅವಳು ಜಗಳದ ದನಿಯಲ್ಲಿ ಹಾಡಿದಳು. ಸೂಜಿಯನ್ನು ದಪ್ಪ ಬಟ್ಟೆಯೊಳಗೆ ಹೆಬ್ಬೆರಳಿನಿಂದ ಒತ್ತುವಂತೆ ಒಂದೊಂದು ಪದವನ್ನು ಒತ್ತಿದಳು. ಕೆಲವು ಕಡೆ ದನಿ ಒಡೆಯಿತು, ಒಡೆದಲ್ಲೇ ಮುಂದೆ ನಡೆದಳು. ಆ ತಾಯಿಯೂ ಹೀಗೇ ಹಾಡಿರಬೇಕು ಎನಿಸಿತು ನನಗೆ. ಬೇರೆಯವರು ಉಟ್ಟು ಬಿಟ್ಟ ಸೀರೆ ಹೊಲಿಯುವವಳ ಹಾಡಿನಲ್ಲಿ ಸಿಟ್ಟು ಇರದೆ ಇನ್ನೇನಿರುತ್ತದೆ? ಅಷ್ಟರಲ್ಲಿ ಮೇಲಿನ ಮನೆಯಲ್ಲಿ ಕುಕ್ಕರು ಬುಸುಗುಟ್ಟುವುದು ನನ್ನ ಕಿವಿಗೆ ಬಿತ್ತು. ಈಗ ಸೀಟಿ ಹೊಡೆಯುತ್ತದೆ. ಓಡಿ ಹೋಗಿ ನಿಲ್ಲಿಸಲು ಸಮಯವಿಲ್ಲ. ಅವಳು ಸಾಲು ಮುಗಿಸುತ್ತಿದ್ದಂತೆ ಬೆರಳೆತ್ತಿದೆ. ಅವಳು ಉಸಿರು ಹಿಡಿದು ನಿಂತಳು. ಸೀಟಿ ಬಂತು, ಹೋಯಿತು. ಬೆರಳು ಇಳಿಸಿದೆ, ಅವಳು ತಾಳದ ಮೇಲೆಯೇ ಮುಂದಿನ ಸಾಲಿಗೆ ಇಳಿದಳು. ಒಂದು ಪದವೂ ಸೀಟಿಯ ಕೆಳಗೆ ಸಿಗಲಿಲ್ಲ.

ಮುಗಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಎಲ್ಲಾ ಹಾಡು ಬೇಕ ನನಗ, ಕಸ್ತೂರಿ. ಅಲ್ಲಿದ್ದದ್ದೂ ಇಲ್ಲಿದ್ದದ್ದೂ ಕೂಡಬೇಕ. ನಿನ್ನ ಸಿಟ್ಟ ನೀ ಇಟಗೋ," ಅಂದಳು.

ಅವಳ ಮಾತಿಗೆ ಕಟ್ಟುಬಿದ್ದು ಮರುದಿನ ಟೇಪು ಹಿಡಿದು ಆ ಸ್ಟುಡಿಯೋದ ಮೆಟ್ಟಿಲು ಹತ್ತಿದೆ. ಹತ್ತುವಾಗ ಕಾಲು ಸುಟ್ಟಂತಾಯಿತು. ಅಭಿನಂದನ ಕಣ್ಣು ಮುಚ್ಚಿ ಕೇಳಿದ. "ಹಾಡಂದ್ರ ಇದ ಅಕ್ಕಾರ," ಅಂದ. ಆದರೆ ಗುರುಸಿದ್ದಪ್ಪ ಮೂಗು ಮುರಿದ. ಕುಕ್ಕರ್ ಸೀಟಿ ಐತಿ, ಟೇಪಿನ ಸುಂಯ್ ಅನ್ನೂ ಸದ್ದು ಐತಿ, ಮುದುಕಿ ಸಿಟ್ಟಿಗೆದ್ದಾಳ, ಕೌದಿ ಹಾಡು ಅಂದ್ರ ನಿದ್ದಿ ಬರಬೇಕಲ್ಲ, ಎಂದ. ಇದ್ದದ್ದನ್ನು ಇದ್ದಂತೆಯೇ ಕೂಡಿಸಿರಿ, ಎರಡು ಬಣ್ಣದ ಸೀರೆ ಕೂಡಿಸಿದರೆ ಹೊಲಿಗೆ ಕಾಣುತ್ತದೆ, ಕಂಡರೆ ಕಾಣಲಿ ಎಂದು ವಾದಿಸಿದೆ. ಗುರುಸಿದ್ದಪ್ಪ ಕಡೆಗೆ, "ಆತು ಬಿಡವಾ, ನೀ ಹೇಳಿದಂಗ," ಅಂದ. ಅವನ ಮಾತು ನಂಬಿ ಟೇಪು ಕೊಟ್ಟು ಬಂದೆ.

ಸೋಮವಾರ ಕೊಯ್ದರು. ತುಳಜವ್ವ ಬದುಕಿದಳು, ದನಿ ಹೋಯಿತು. ಹಾಡಿನದಷ್ಟೇ ಅಲ್ಲ, ನೀರು ಕೊಡು ಎನ್ನುವಷ್ಟೂ ಉಳಿಯಲಿಲ್ಲ. ದಿನಾ ಹಾಸಿಗೆಯಲ್ಲಿ ಎದ್ದು ಕೂತು, ನನ್ನ ಕಡೆ ನೋಡಿ ಕಿವಿಯನ್ನು ಮುಟ್ಟಿ ತೋರಿಸುತ್ತಿದ್ದಳು. ಹಾಡು ಯಾವಾಗ ಕೇಳಿಸುತ್ತಾರೆ ಎಂದು ಅದರ ಅರ್ಥ. ಸ್ಟುಡಿಯೋದ ಉದ್ಘಾಟನೆಯ ದಿನ ಎಂದು ಹೇಳಿದ್ದಾರೆ ಎನ್ನುತ್ತಿದ್ದೆ.

ಆ ದಿನ ಸಭಾಭವನ ತುಂಬಿತ್ತು. ಕತ್ತಿಗೆ ಪಟ್ಟಿ ಸುತ್ತಿದ ತುಳಜವ್ವನನ್ನು ವೇದಿಕೆಯಲ್ಲಿ ಕೂರಿಸಿ, ಗುರುಸಿದ್ದಪ್ಪ ಶಾಲು ಹೊದಿಸಿ ಹಾರ ಹಾಕಿದ. ನಮ್ಮೂರಲ್ಲಿ ಹಾಡಿದವರಿಗೆ ಶಾಲು ಹೊದಿಸುವುದು ವಾಡಿಕೆ. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ಆಳೆತ್ತರದ ಎರಡು ಧ್ವನಿಪೆಟ್ಟಿಗೆಗಳಿಂದ ಹಾಡು ಶುರುವಾಯಿತು. ಮೊದಲರ್ಧದ ತುಂಡುಗಳನ್ನು ಹುಡುಗ ಜಾಣತನದಿಂದಲೇ ಕೂಡಿಸಿದ್ದ. ತುಳಜವ್ವ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದಳು. ಸೂಜಿ ಮುರದರ ಮುರಿಲಿ ಎನ್ನುವಲ್ಲಿಗೆ ಬಂತು. ಪದ ಅವೇ. ದನಿಯೂ ಅವಳದೇ ಥರ. ಆದರೆ ಬೆಣ್ಣೆ ಸವರಿದಂತೆ ನುಣ್ಣಗೆ, ಎಲ್ಲೂ ಒಡೆಯದೆ, ಎಲ್ಲೂ ಒತ್ತದೆ, ಮುದ್ದು ಮುದ್ದಾಗಿ ಹರಿಯಿತು. ಸೀಟಿ ಇರಲಿಲ್ಲ, ಸೀಟಿಗಾಗಿ ಅವಳು ಹಿಡಿದ ಉಸಿರೂ ಇರಲಿಲ್ಲ. ಅವಳ ಮೊದಲರ್ಧದ ದನಿಯನ್ನು ಯಂತ್ರಕ್ಕೆ ಉಣಿಸಿ, ನನ್ನ ಟೇಪಿನಿಂದ ಪದ ಎತ್ತಿಕೊಂಡು, ಉಳಿದರ್ಧವನ್ನು ಯಂತ್ರದ ಕೈಲೇ ಹಾಡಿಸಿದ್ದರು. ನಾನು ಅಭಿನಂದನನ ಕಡೆ ನೋಡಿದೆ. ಅವನು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ.

ತುಳಜವ್ವನ ಬೆರಳು ನಿಂತಿತು. ಕಣ್ಣು ತೆರೆದಳು. ಹಾಡು ಮುಗಿಯುವವರೆಗೆ ಅಲುಗಲಿಲ್ಲ. ಮುಗಿದ ಮೇಲೆ ಎದ್ದಳು, ಕೊರಳ ಹಾರ ತೆಗೆದಳು, ಶಾಲು ತೆಗೆದಳು. ಧ್ವನಿಪೆಟ್ಟಿಗೆಯ ಹತ್ತಿರ ನಡೆದು ಹೋಗಿ ಅದಕ್ಕೆ ಶಾಲು ಹೊದಿಸಿ, ಮೇಲೆ ಹಾರ ಹಾಕಿದಳು. ಹಾಡಿದವರಿಗೆ ಸಲ್ಲಬೇಕಾದ್ದು ಹಾಡಿದವರಿಗೆ ಸಂದಿತು. ಆಮೇಲೆ ಬರಿ ಹೆಗಲಲ್ಲಿ ಮೆಟ್ಟಿಲು ಇಳಿಯತೊಡಗಿದಳು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಂತ್ರಕ್ಕೆ ಮುದುಕಿ ಎಷ್ಟು ಭಕ್ತಿಯಿಂದ ನಮಸ್ಕಾರ ಸಲ್ಲಿಸಿದಳು ನೋಡಿ ಎಂದು ನನ್ನ ಪಕ್ಕದವಳು ಕಣ್ಣೊರೆಸಿಕೊಂಡಳು. ಗುರುಸಿದ್ದಪ್ಪನೂ ಒರೆಸಿಕೊಂಡ. "ಅದು ಅಕಿ ಹಾಡಿದ್ದಲ್ರೋ!" ಎಂದು ನಾನು ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ "ಒನ್ಸ್ ಮೋರ್!" ಅಂದರು. ಬೇರೆ ಊರಿನ ನಾಟಕಗಳಲ್ಲಿ ಹಾಗೆ ಕೂಗುತ್ತಾರೆಂದು ಕೇಳಿದ್ದೆ, ನಮ್ಮೂರಲ್ಲಿ ಆ ಕೂಗು ಎದ್ದದ್ದು ಅದೇ ಮೊದಲು. ಇನ್ನೊಬ್ಬ ಕೂಗಿದ, ಮತ್ತೊಬ್ಬ ಕೂಗಿದ, ಆಮೇಲೆ ಇಡೀ ಭವನವೇ ಕೂಗಿತು. ಅಭಿನಂದನ ನನ್ನನ್ನು ನೋಡಿದ, ಗುರುಸಿದ್ದಪ್ಪನನ್ನು ನೋಡಿದ, ಗುಂಡಿ ಒತ್ತಿದ.

ತುಳಜವ್ವ ಕಡೆಯ ಮೆಟ್ಟಿಲಲ್ಲಿದ್ದಳು. ಹಾಡು ಮತ್ತೆ ಮೊದಲಿನಿಂದ ಶುರುವಾದಾಗ ನನ್ನ ತೋಳು ಹಿಡಿದಳು, ಉಗುರು ಒಳಗೆ ಇಳಿಯಿತು. ನನ್ನ ಕಿವಿಗೆ ಬಾಯಿ ಹಚ್ಚಿ ಏನೋ ಹೇಳಿದಳು, ಬರಿ ಉಸಿರೇ ಬಂತು, ಒಂದಕ್ಷರವೂ ತಿಳಿಯಲಿಲ್ಲ. ಉಗುಳು ಸಿಡಿದು ನನ್ನ ಕೆನ್ನೆಗೆ ಬಿತ್ತು.